ರಿಪೇರಿ ಇದೆ, ಅಡ್ಜಸ್ಟ್ ಇಲ್ಲ: ಅರಾರಸ್ ಹಳ್ಳಿಯ ಪ್ರಕರಣ

ಬ್ರೆಜಿಲ್ ದೇಶದ ನಡುಭಾಗದಲ್ಲಿ ಗೊಯಾಸ್ ಅಂತ ಒಂದು ರಾಜ್ಯ. ಅಲ್ಲಿ ಫೈನಾ ಅನ್ನುವ ಸಣ್ಣ ಊರು, ಅದಕ್ಕೆ ಸೇರಿದ ಹಳ್ಳಿ ಅರಾರಸ್. ಸುಮಾರು 800 ಜನ. ಬೇಸಾಯವೇ ಬದುಕು. ಭೂಮಧ್ಯರೇಖೆಯಿಂದ ಹುಬ್ಬಳ್ಳಿ ಎಷ್ಟು ಉತ್ತರಕ್ಕಿದೆಯೋ, ಈ ಊರು ಹೆಚ್ಚುಕಡಿಮೆ ಅಷ್ಟೇ ದಕ್ಷಿಣಕ್ಕಿದೆ. ಹಾಗಾಗಿ ಅಲ್ಲಿನ ಮಧ್ಯಾಹ್ನದ ಬಿಸಿಲು ಎಂಥದ್ದು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ 800 ಜನರಲ್ಲಿ 20ಕ್ಕೂ ಜಾಸ್ತಿ ಮಂದಿಗೆ ಒಂದೇ ಕಾಯಿಲೆ. ಮೊದಲು ಮುಖ, ಕೈ, ಕುತ್ತಿಗೆಯ ಮೇಲೆ ಕಂದು ಚುಕ್ಕೆಗಳು. ಆಮೇಲೆ ಚರ್ಮ ಒಣಗಿ ಒರಟಾಗುತ್ತದೆ. ಆಮೇಲೆ ಗಂಟು, ಹುಣ್ಣು, ಕ್ಯಾನ್ಸರ್. ಒಂದನ್ನು ಕತ್ತರಿಸಿ ತೆಗೆದರೆ ಪಕ್ಕದಲ್ಲೇ ಇನ್ನೊಂದು ಏಳುತ್ತದೆ. ಆಪರೇಷನ್ ಮೇಲೆ ಆಪರೇಷನ್ ಮಾಡಿಸಿಕೊಂಡು ಮುಖದ ಭಾಗಗಳನ್ನೇ ಕಳೆದುಕೊಂಡವರು ಅಲ್ಲಿದ್ದಾರೆ. ಎಷ್ಟೋ ವರ್ಷ ಇದು ಏನು ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಕಾಯಿಲೆಯ ಹೆಸರು ಝೀರೋಡರ್ಮಾ ಪಿಗ್ಮೆಂಟೋಸಮ್. ಬಾಯಿ ತಿರುಗದ ಹೆಸರು, ಆದ್ದರಿಂದ ವೈದ್ಯರೂ ಎಕ್ಸ್‌ಪಿ ಅಂತಲೇ ಕರೆಯುತ್ತಾರೆ. ಅಮೆರಿಕದಲ್ಲಿ ಇದು 10 ಲಕ್ಷಕ್ಕೆ ಒಬ್ಬರಿಗೆ ಬರುವಂಥದ್ದು. ಅರಾರಸ್‌ನಲ್ಲಿ 40ಕ್ಕೆ ಒಬ್ಬರು.

ಎಕ್ಸ್‌ಪಿ ಬಗ್ಗೆ ಸ್ವಲ್ಪ ಓದಿದವರು ಕೂಡಲೇ ಹೇಳುತ್ತಾರೆ: ಓಹ್, ಅದಾ, ಡಿಎನ್‌ಎ ರಿಪೇರಿ ಕೆಟ್ಟಿರುವ ಕಾಯಿಲೆ ಅಲ್ವಾ? ಸಾಮಾನ್ಯವಾಗಿ ಹೌದು. ಆದರೆ ಅರಾರಸ್‌ನವರ ಮಟ್ಟಿಗೆ ಅಲ್ಲ. ಅವರ ಚರ್ಮದ ಜೀವಕೋಶಗಳನ್ನು ಲ್ಯಾಬಿನಲ್ಲಿಟ್ಟು ಪರೀಕ್ಷಿಸಿದರೆ, ಬಿಸಿಲಿನ ಗಾಯವನ್ನು ರಿಪೇರಿ ಮಾಡುವ ಕೆಲಸ ಚೆನ್ನಾಗೇ ನಡೆಯುತ್ತದೆ. ನಿಮ್ಮ, ನನ್ನ ಕೋಶಗಳಲ್ಲಿ ನಡೆದ ಹಾಗೇ. ಹಾಗಿದ್ದರೆ ಕ್ಯಾನ್ಸರ್ ಯಾಕೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅರಾರಸ್‌ನಲ್ಲಲ್ಲ. ಹಳ್ಳಿಯ ಹೆಸರು ಸುದ್ದಿಯಾಗುವ ಎಷ್ಟೋ ಮೊದಲೇ, ಬೇರೆ ಬೇರೆ ದೇಶದ ಒಬ್ಬೊಬ್ಬ ರೋಗಿಯ ಕೋಶಗಳನ್ನು ಇಟ್ಟುಕೊಂಡು ನಡೆದ ಪತ್ತೇದಾರಿಕೆ ಅದು. ಸುಮಾರು 30 ವರ್ಷ ಹಿಡಿಯಿತು.

ಬಿಸಿಲು ಮಾಡುವ ಗಾಯ

ಡಿಎನ್‌ಎ ಅಂದರೆ ನಾಲ್ಕು ಅಕ್ಷರಗಳಲ್ಲಿ ಬರೆದ ಬಹಳ ಉದ್ದದ ಬರಹ: ಎ, ಟಿ, ಜಿ, ಸಿ. ಎದುರುಬದುರು ಎರಡು ಎಳೆ. ಒಂದರಲ್ಲಿ ಎ ಇದ್ದರೆ ಇನ್ನೊಂದರಲ್ಲಿ ಟಿ, ಜಿ ಇದ್ದರೆ ಸಿ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಚರ್ಮದ ಕೋಶಕ್ಕೆ ಹೊಕ್ಕಾಗ, ಒಂದೇ ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಟಿಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ತೊಟ್ಟಿಲಿನ ಹಗ್ಗದಲ್ಲಿ ಗಂಟು ಬಿದ್ದ ಹಾಗೆ ಅಲ್ಲಿ ಎಳೆ ಸ್ವಲ್ಪ ಸೊಟ್ಟಗಾಗುತ್ತದೆ. ಈ ಅಂಟಿದ ಜೋಡಿಗೆ ಡೈಮರ್ ಅನ್ನುತ್ತಾರೆ. ಬಿಸಿಲಿಗೆ ಹೋದ ಚರ್ಮದ ಒಂದೊಂದು ಕೋಶದಲ್ಲೂ ಇಂಥವು ಸಾವಿರಗಟ್ಟಲೆ ಹುಟ್ಟುತ್ತವೆ. ಇದೇನೂ ಅಪರೂಪದ ಅನಾಹುತವಲ್ಲ. ಗದ್ದೆಗೆ ಹೋಗಿ ಬಂದವರಿಗೆಲ್ಲ ದಿನಾ ಆಗುವಂಥದ್ದು.

ಇದಕ್ಕೆ ಕೋಶದ ಮಾಮೂಲಿ ಉಪಾಯ ಕತ್ತರಿ. ಎಳೆ ಸೊಟ್ಟಗಿರುವ ಜಾಗವನ್ನು ಒಂದಷ್ಟು ಪ್ರೋಟೀನುಗಳು ಪತ್ತೆ ಮಾಡುತ್ತವೆ, ಇನ್ನೊಂದಷ್ಟು ಬಂದು ಎರಡು ಎಳೆಯನ್ನು ಬಿಡಿಸುತ್ತವೆ, ಆಮೇಲೆ ಗಾಯದ ಆ ಬದಿಗೊಂದು ಈ ಬದಿಗೊಂದು ಕತ್ತರಿ ಬೀಳುತ್ತದೆ. 30 ಅಕ್ಷರದಷ್ಟು ಉದ್ದದ ತುಂಡು ಹೊರಗೆ ಹೋಗುತ್ತದೆ. ಎದುರಿನ ಎಳೆ ನೋಡಿಕೊಂಡು ಖಾಲಿ ಜಾಗ ತುಂಬಿಸಿ ಅಂಟು ಹಾಕಿದರೆ ಕೆಲಸ ಮುಗಿಯಿತು. ಇದನ್ನು ವಿವರವಾಗಿ ಬಿಡಿಸಿ ತೋರಿಸಿದವರಲ್ಲಿ ಮುಖ್ಯರಾದ ಅಜೀಜ್ ಸಂಜಾರ್, 2015ರಲ್ಲಿ ತೋಮಾಸ್ ಲಿಂಡಾಲ್ ಮತ್ತು ಪಾಲ್ ಮೋಡ್ರಿಚ್ ಜೊತೆ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಎಕ್ಸ್‌ಪಿ ಕಾಯಿಲೆಯನ್ನು ಮೊದಲು ವಿವರಿಸಿದ್ದು ವಿಯೆನ್ನಾದ ಚರ್ಮವೈದ್ಯ ಮೋರಿಟ್ಸ್ ಕಪೋಸಿ, 1870ರ ದಶಕದಲ್ಲಿ. ಕಾರಣ ಗೊತ್ತಾಗಲು ಮತ್ತೆ ನೂರು ವರ್ಷ ಬೇಕಾಯಿತು. ಜೇಮ್ಸ್ ಕ್ಲೀವರ್ ಅನ್ನುವ ವಿಜ್ಞಾನಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಿಎನ್‌ಎ ರಿಪೇರಿಯ ಮೇಲೆ ಕೆಲಸ ಮಾಡುತ್ತಿದ್ದರು. ಎಕ್ಸ್‌ಪಿ ಬಗ್ಗೆ ಅವರು ಓದಿದ್ದು ಯಾವ ದೊಡ್ಡ ಗ್ರಂಥದಲ್ಲೂ ಅಲ್ಲ, ಊರಿನ ದಿನಪತ್ರಿಕೆಯಲ್ಲಿ. ಬಿಸಿಲಿಗೆ ಹೋದರೆ ಕ್ಯಾನ್ಸರ್ ಬರುವ ಜನ ಇದ್ದಾರಂತೆ, ಇವರಲ್ಲಿ ರಿಪೇರಿ ಕೆಟ್ಟಿರಬಹುದಾ ಅನ್ನಿಸಿತು. ರೋಗಿಗಳ ಕೋಶಗಳನ್ನು ತರಿಸಿ ನೋಡಿದರು. ಕೆಟ್ಟಿತ್ತು. 1968ರಲ್ಲಿ ಪ್ರಕಟವಾಯಿತು. ಡಿಎನ್‌ಎ ರಿಪೇರಿಗೂ ಮನುಷ್ಯರ ಕ್ಯಾನ್ಸರಿಗೂ ನೇರ ಸಂಬಂಧ ಇದೆ ಅಂತ ಮೊದಲು ಗಟ್ಟಿಯಾಗಿ ತೋರಿಸಿದ್ದು ಇದೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಲೆಕ್ಕಕ್ಕೆ ಸಿಗದ ರೋಗಿಗಳು

1970ರ ದಶಕದ ಶುರುವಿನಲ್ಲೇ ಒಂದು ತಕರಾರು ಎದ್ದಿತು. ಕೆಲವು ಎಕ್ಸ್‌ಪಿ ರೋಗಿಗಳಲ್ಲಿ ಚುಕ್ಕೆ, ಗಂಟು, ಕ್ಯಾನ್ಸರ್ ಎಲ್ಲ ಇದ್ದವು. ಆದರೆ ಕ್ಲೀವರ್ ಪರೀಕ್ಷೆಯಲ್ಲಿ ಅವರ ರಿಪೇರಿ ಪೂರ್ತಿ ಪಾಸ್! ಏನು ಮಾಡೋದು? ಇವರನ್ನು 'ವೇರಿಯಂಟ್' ಅಂತ ಕರೆದು ಬೇರೆ ಗುಂಪಿಗೆ ಹಾಕಿದರು. ಗೊತ್ತಿಲ್ಲ ಅನ್ನುವುದಕ್ಕೆ ಗೌರವದ ಹೆಸರು ಅಂತಲೇ ಇಟ್ಟುಕೊಳ್ಳಿ.

ಅರಾರಸ್‌ನವರು ಈ ಗುಂಪಿಗೆ ಸೇರಿದವರು. ಇವರಲ್ಲಿ ಇನ್ನೊಂದು ವಿಚಿತ್ರವಿದೆ. ಎಕ್ಸ್‌ಪಿಯ ಬೇರೆ ಹಲವು ಬಗೆಗಳಲ್ಲಿ ಮಗುವನ್ನು ಐದತ್ತು ನಿಮಿಷ ಬಿಸಿಲಿಗೆ ಕರೆದುಕೊಂಡು ಹೋದರೂ ಚರ್ಮ ಕೆಂಪಗೆ ಸುಟ್ಟು ಬೊಬ್ಬೆ ಏಳುತ್ತದೆ. ತಾಯಿಗೆ ಅಂದೇ ಗೊತ್ತಾಗುತ್ತದೆ, ಏನೋ ಸರಿಯಿಲ್ಲ ಅಂತ. ವೇರಿಯಂಟ್‌ನವರಿಗೆ ಹಾಗೆ ಸುಡುವುದಿಲ್ಲ. ಎಲ್ಲರ ಹಾಗೇ ಆಡುತ್ತಾರೆ, ಬೆಳೆಯುತ್ತಾರೆ, ಹೊಲಕ್ಕೆ ಹೋಗುತ್ತಾರೆ. ಲೆಕ್ಕ ಬರುವುದು ನಿಧಾನವಾಗಿ. ಎಷ್ಟೋ ಸಲ ಹರೆಯದಲ್ಲೋ, ಮೂವತ್ತರ ಆಸುಪಾಸಿನಲ್ಲೋ ಕ್ಯಾನ್ಸರ್ ಶುರುವಾಗುತ್ತದೆ. ಸುಡುವ ನೋವಾದರೆ ಎಚ್ಚರಿಕೆ. ಇವರಿಗೆ ಆ ಎಚ್ಚರಿಕೆಯೇ ಇಲ್ಲ. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕ್ರೂರ ಅನ್ನಿಸುವುದು ಇದೇ.

1975ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿದ್ದ ಅಲನ್ ಲೇಮನ್ ಮತ್ತು ಜೊತೆಗಾರರು ಬೇರೆ ಕಡೆ ಕಣ್ಣು ಹಾಕಿದರು. ರಿಪೇರಿ ಸರಿ ಇದ್ದರೆ ಇರಲಿ, ಕೋಶ ಡಿಎನ್‌ಎಯನ್ನು ನಕಲು ಮಾಡುವಾಗ ಏನಾಗುತ್ತದೆ ನೋಡೋಣ ಅಂತ. ಕೋಶ ಎರಡಾಗುವ ಮೊದಲು ಇಡೀ ಡಿಎನ್‌ಎಯ ಪ್ರತಿ ತೆಗೆಯಬೇಕಲ್ಲ, ಆ ಕೆಲಸ.

ಅವರು ಮಾಡಿದ್ದು ನೋಡಲು ಸರಳ. ಕೋಶಕ್ಕೆ ಅತಿನೇರಳೆ ಬೆಳಕು ಹಾಕಿ, ಆಮೇಲೆ ಹೊಸದಾಗಿ ತಯಾರಾಗುವ ಡಿಎನ್‌ಎಗೆ ಮಾತ್ರ ವಿಕಿರಣದ ಗುರುತು ಹಚ್ಚಿದರು. ಒಂದು ಕೊಳವೆಯಲ್ಲಿ ಸಕ್ಕರೆ ಪಾಕ: ತಳದಲ್ಲಿ ಗಟ್ಟಿ, ಮೇಲೆ ಹೋದ ಹಾಗೆ ತೆಳು. ಅದರ ಮೇಲೆ ಈ ಡಿಎನ್‌ಎ ಬಿಟ್ಟು ಜೋರಾಗಿ ತಿರುಗಿಸಿದರೆ ಉದ್ದದ ಎಳೆಗಳು ಕೆಳಗೆ ಇಳಿಯುತ್ತವೆ, ಚೂರುಗಳು ಮೇಲೇ ಉಳಿಯುತ್ತವೆ. ಸಾಮಾನ್ಯ ಕೋಶದ ಹೊಸ ಡಿಎನ್‌ಎ ಚೆನ್ನಾಗಿ ಕೆಳಗೆ ಇಳಿಯಿತು. ವೇರಿಯಂಟ್ ಕೋಶದ್ದು ಮೇಲೇ ಉಳಿಯಿತು. ಅಂದರೆ ನಕಲು ತುಂಡುತುಂಡಾಗಿ ಆಗುತ್ತಿದೆ, ತುಂಡುಗಳು ಒಂದಕ್ಕೊಂದು ಸೇರಲು ಬಹಳ ಹೊತ್ತು ತೆಗೆದುಕೊಳ್ಳುತ್ತಿವೆ. ಕೆಫೀನ್ ಸೇರಿಸಿದಾಗ ಪರಿಸ್ಥಿತಿ ಇನ್ನೂ ಕೆಟ್ಟಿತು. (ಕಾಫಿ ಪ್ರಿಯರು ಗಾಬರಿಯಾಗಬೇಡಿ. ಲ್ಯಾಬಿನಲ್ಲಿ ಕೋಶಗಳಿಗೆ ಹಾಕಿದ ಪ್ರಮಾಣ ಒಂದೆರಡು ಲೋಟ ಕಾಫಿಯಿಂದ ರಕ್ತಕ್ಕೆ ಬರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.)

ಮರುವರ್ಷ, 1976ರಲ್ಲಿ, ಅಮೆರಿಕದ ವೆರೋನಿಕಾ ಮಾಹೆರ್ ಮತ್ತು ಜಸ್ಟಿನ್ ಮೆಕಾರ್ಮಿಕ್ ಅವರ ಗುಂಪು ಇನ್ನೊಂದು ತುಣುಕು ಸೇರಿಸಿತು. ವೇರಿಯಂಟ್ ಕೋಶಗಳು ಅತಿನೇರಳೆ ಬೆಳಕಿಗೆ ಅಷ್ಟೇನೂ ಸಾಯುವುದಿಲ್ಲ. ಆದರೆ ಬದುಕಿ ಉಳಿದವುಗಳಲ್ಲಿ ಅಕ್ಷರದೋಷ ವಿಪರೀತ. ಕ್ಯಾನ್ಸರಿಗೆ ಬೇಕಾದದ್ದೂ ಇದೇ ತಾನೇ? ಸತ್ತ ಕೋಶದಿಂದ ಗಂಟು ಬೆಳೆಯುವುದಿಲ್ಲ. ತಪ್ಪು ತುಂಬಿಕೊಂಡು ಆರಾಮಾಗಿ ಬದುಕುವ ಕೋಶದಿಂದ ಬೆಳೆಯುತ್ತದೆ.

ರಿಪೇರಿಗೆ ಕಾಯಲು ಪುರುಸೊತ್ತಿಲ್ಲದಾಗ

ಇಲ್ಲೊಂದು ಮಾತು ಅರ್ಥ ಮಾಡಿಕೊಳ್ಳಬೇಕು. ಕತ್ತರಿ ರಿಪೇರಿ ಒಳ್ಳೆಯದು, ಆದರೆ ನಿಧಾನ. ಟಿ-ಟಿ ಡೈಮರ್ ಎಳೆಯನ್ನು ಅಷ್ಟೇನೂ ಸೊಟ್ಟ ಮಾಡುವುದಿಲ್ಲ, ಕಣ್ಣಿಗೆ ಬೇಗ ಬೀಳುವುದಿಲ್ಲ. ಒಂದು ದಿನ ಕಳೆದರೂ ಒಂದಷ್ಟು ಹಾಗೇ ಉಳಿದಿರುತ್ತವೆ. ಕೋಶ ಎರಡಾಗುವ ಹೊತ್ತು ಬಂದರೆ ಕಾಯುವುದಿಲ್ಲ. ಸ್ವಲ್ಪ ತಡೆದು ನಿಲ್ಲಿಸುವ ವ್ಯವಸ್ಥೆ ಇದೆ ನಿಜ, ಪಿ53 ಅನ್ನುವ ಪ್ರೋಟೀನು ಅದರಲ್ಲಿ ಮುಖ್ಯ. ಆದರೆ ನಕಲು ಒಮ್ಮೆ ಶುರುವಾಗಿ, ನಡುದಾರಿಯಲ್ಲಿ ಡೈಮರ್ ಅಡ್ಡ ಬಂದರೆ? ಆ ಜಾಗದಲ್ಲಿ ಎರಡು ಎಳೆಯೂ ಬೇರೆಯಾಗಿ ತೆರೆದುಕೊಂಡಿವೆ. ಅಲ್ಲಿ ಹೋಗಿ ಕತ್ತರಿ ಆಡಿಸಿದರೆ ಗಾಯ ಹೋಗುವುದಿರಲಿ, ಡಿಎನ್‌ಎಯೇ ತುಂಡಾಗುತ್ತದೆ. ತುಂಬಿಸಲು ನೋಡಿಕೊಳ್ಳಬೇಕಾದ ಎದುರು ಎಳೆಯೂ ಪಕ್ಕದಲ್ಲಿಲ್ಲ.

ಆಗ ಉಳಿದಿರುವ ದಾರಿ ಒಂದೇ. ಗಾಯವನ್ನು ಹಾಗೇ ಬಿಟ್ಟು ದಾಟಿಕೊಂಡು ಹೋಗುವುದು. ರಿಪೇರಿ ಆಮೇಲೆ ನೋಡಿದರಾಯಿತು. ಬೆಂಗಳೂರು ಬಸ್ಸಿನಲ್ಲಿ ದಿನಾ ಕೇಳುವ 'ಸ್ವಲ್ಪ ಅಡ್ಜಸ್ಟ್ ಮಾಡಿ' ಇದೆಯಲ್ಲ, ಅದರ ಕೋಶದ ರೂಪ.

ಮಾಮೂಲಿ ನಕಲುಗಾರ ಕಿಣ್ವಗಳಿಗೆ ಈ ಅಡ್ಜಸ್ಟ್ ಬರುವುದಿಲ್ಲ. ಅವು ಹೈವೇ ಬಸ್ಸು ಇದ್ದ ಹಾಗೆ. ವೇಗ, ಅಚ್ಚುಕಟ್ಟು, ತಪ್ಪು ಮಾಡಿದರೆ ತಾವೇ ತಿದ್ದಿಕೊಳ್ಳುತ್ತವೆ. ಕೋಟಿ ಅಕ್ಷರಕ್ಕೆ ಒಂದರ ಆಸುಪಾಸು ತಪ್ಪು. ಆದರೆ ಅಂಟಿಕೊಂಡ ಎರಡು ಟಿ ಎದುರಾದರೆ ಅವುಗಳ ಬಿಗಿ ಅಚ್ಚಿಗೆ ಅದು ಕೂರುವುದಿಲ್ಲ. ಅಲ್ಲೇ ನಿಂತುಬಿಡುತ್ತವೆ. ಸೇತುವೆ ಕುಸಿದ ಕಡೆ ದಾಟಿಸಲು ಟ್ರ್ಯಾಕ್ಟರ್ ಬೇಕು.

ಆ ಟ್ರ್ಯಾಕ್ಟರ್ ಸಿಕ್ಕಿದ್ದು 1999ರಲ್ಲಿ, ಎರಡು ಕಡೆಯಿಂದ. ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಸತ್ಯ ಪ್ರಕಾಶ್ ಮತ್ತು ಲೂಯಿಸ್ ಪ್ರಕಾಶ್ ಅವರ ತಂಡ ಯೀಸ್ಟ್ ಹಿಡಿದು ಹೊರಟಿತ್ತು. ಬ್ರೆಡ್ಡಿಗೆ ಹಾಕುವ ಅದೇ ಯೀಸ್ಟ್. ಅದರಲ್ಲಿ ಟಿ-ಟಿ ಡೈಮರನ್ನು ಸರಿಯಾಗಿ ದಾಟುವ ಹೊಸ ಪಾಲಿಮರೇಸ್, ಅಂದರೆ ನಕಲುಗಾರ ಕಿಣ್ವವೊಂದು ಸಿಕ್ಕಿತು. ಜಪಾನಿನ ಒಸಾಕಾದಲ್ಲಿ ಫುಮಿಯೊ ಹನಾವೊಕ, ಚಿಕಾಹಿದೆ ಮಸುತಾನಿ ಮತ್ತು ಜೊತೆಗಾರರು ಮನುಷ್ಯರ ಕೋಶದಿಂದಲೇ ಹೊರಟಿದ್ದರು.

ಒಸಾಕಾದ ಕೆಲಸವನ್ನು ಹತ್ತಿರದಿಂದ ನೋಡಿ. ಸಣ್ಣದೊಂದು ಡಿಎನ್‌ಎ ತುಂಡು, ಅದರಲ್ಲಿ ಬೇಕಂತಲೇ ಒಂದೇ ಒಂದು ಡೈಮರ್. ಅದಕ್ಕೆ ಸಾಮಾನ್ಯ ಕೋಶ ಅರೆದು ತೆಗೆದ ರಸ ಹಾಕಿದರೆ ನಕಲು ಡೈಮರ್ ದಾಟಿ ಕೊನೆಯವರೆಗೆ ಹೋಗುತ್ತದೆ. ಡಿಎನ್‌ಎಯನ್ನು ಉದ್ದ ನೋಡಿ ಬೇರ್ಪಡಿಸುವ ಜೆಲ್‌ನ ಚಿತ್ರದಲ್ಲಿ (ಇಲ್ಲಿ ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ) ಪೂರ್ತಿ ಉದ್ದದ ಜಾಗದಲ್ಲಿ ಕಪ್ಪು ಪಟ್ಟಿ. ವೇರಿಯಂಟ್ ಕೋಶದ ರಸ ಹಾಕಿದರೆ ಪಟ್ಟಿ ಕೆಳಗೇ ಉಳಿಯುತ್ತದೆ, ಡೈಮರ್‌ನ ಹೊಸ್ತಿಲಲ್ಲಿ ನಿಂತ ನಕಲು. ಈಗ ಸಾಮಾನ್ಯ ಕೋಶದ ರಸವನ್ನು ಭಾಗ ಭಾಗ ಮಾಡಿ, ಒಂದೊಂದನ್ನೇ ವೇರಿಯಂಟ್ ರಸಕ್ಕೆ ಸೇರಿಸುತ್ತಾ ಹೋಗಿ. ಯಾವ ಭಾಗ ಸೇರಿಸಿದಾಗ ಪಟ್ಟಿ ಮೇಲೇರುತ್ತದೋ ಅದನ್ನು ಮತ್ತೆ ಭಾಗ ಮಾಡಿ. ಮತ್ತೆ, ಮತ್ತೆ. ಕೊನೆಗೆ ಒಂದೇ ಪ್ರೋಟೀನು ಉಳಿಯಿತು. ಹೆಸರು ಪಾಲಿಮರೇಸ್ ಈಟಾ. ವೇರಿಯಂಟ್ ರೋಗಿಗಳಲ್ಲಿ ಕೆಟ್ಟಿದ್ದದ್ದು ಅದರ ಜೀನ್.

ಈಟಾ ಗುಣದಲ್ಲಿ ಸ್ವಲ್ಪ ಒಡ್ಡ. ಗಾಯವಿಲ್ಲದ ಒಳ್ಳೆಯ ಡಿಎನ್‌ಎ ಕೊಟ್ಟರೆ ಕೆಲವು ನೂರು ಅಕ್ಷರಕ್ಕೊಂದು ತಪ್ಪು ಮಾಡುತ್ತದೆ. ತಿದ್ದಿಕೊಳ್ಳುವ ಅಭ್ಯಾಸವೂ ಇಲ್ಲ. ಯಾವ ಮೇಷ್ಟ್ರೂ ಇಂಥ ಹುಡುಗನಿಗೆ ನಕಲು ಬರೆಯುವ ಕೆಲಸ ಕೊಡುವುದಿಲ್ಲ. ಆದರೆ ಅಂಟಿದ ಎರಡು ಟಿ ಮುಂದಿಟ್ಟರೆ ಎರಡು ಎ ಹಾಕುತ್ತದೆ, ಸರಿಯಾಗಿ. ಅದು ಈಟಾದ ಕಸುಬು.

2010ರಲ್ಲಿ ಅಮೆರಿಕದ ವೆಯ್ ಯಾಂಗ್ ಅವರ ತಂಡ ಇದರ ಆಕಾರ ಬಿಡಿಸಿ ತೋರಿಸಿದಾಗ ಕಾರಣ ಕಣ್ಣಿಗೆ ಕಂಡಿತು. ಮಾಮೂಲಿ ಕಿಣ್ವದ ಅಚ್ಚಿನಲ್ಲಿ ಒಂದು ಅಕ್ಷರಕ್ಕೆ ಮಾತ್ರ ಜಾಗ. ಈಟಾದಲ್ಲಿ ಎರಡು ಟಿ ಒಟ್ಟಿಗೆ ಕೂರುವಷ್ಟು ಅಗಲ. ಅಷ್ಟೇ ಅಲ್ಲ, ಸೊಟ್ಟಗಾಗಲು ಹೊರಟ ಎಳೆಯನ್ನು ಅದು ನೇರವಾಗಿ ಹಿಡಿದುಕೊಳ್ಳುತ್ತದೆ, ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟಿದ ಹಾಗೆ. ಡೈಮರ್ ದಾಟಿ ಸ್ವಲ್ಪ ಮುಂದೆ ಹೋದ ಮೇಲೆ ಹಿಡಿತ ತಪ್ಪಿ ತಾನಾಗೇ ಕಳಚಿಕೊಳ್ಳುತ್ತದೆ. ಹೈವೇ ಬಸ್ಸು ಮತ್ತೆ ಹೊರಡುತ್ತದೆ.

ಈಟಾವನ್ನು ಅಲ್ಲಿಗೆ ಕರೆಸುವುದು ಯಾರು? ಡಿಎನ್‌ಎ ಎಳೆಯ ಸುತ್ತ ಪಿಸಿಎನ್‌ಎ ಅನ್ನುವ ಉಂಗುರವೊಂದಿರುತ್ತದೆ, ನಕಲುಗಾರ ಕಿಣ್ವ ಜಾರದಂತೆ ಹಿಡಿದುಕೊಳ್ಳಲು. ನಕಲು ನಿಂತಾಗ ಆ ಉಂಗುರಕ್ಕೆ ಕೋಶ ಯುಬಿಕ್ವಿಟಿನ್ ಅನ್ನುವ ಸಣ್ಣ ಪ್ರೋಟೀನನ್ನು ಅಂಟಿಸುತ್ತದೆ, ಬಾಗಿಲಿಗೆ ಚೀಟಿ ಅಂಟಿಸಿದ ಹಾಗೆ. ಆ ಚೀಟಿ ನೋಡಿ ಈಟಾ ಬರುತ್ತದೆ.

ಈಟಾ ಇಲ್ಲದ ಕೋಶ ಸುಮ್ನೆ ನಿಂತು ಸಾಯುವುದಿಲ್ಲ. ಬೇರೆ ಅಡ್ಜಸ್ಟ್ ಕಿಣ್ವಗಳೂ ಇವೆ, ಅವು ಬಂದು ಹೇಗೋ ದಾಟಿಸುತ್ತವೆ. ಆದರೆ ಟಿ-ಟಿ ಅವುಗಳ ಕಸುಬಲ್ಲ. ಎ ಹಾಕಬೇಕಾದಲ್ಲಿ ಇನ್ನೇನೋ ಹಾಕುತ್ತವೆ. ಸಸೆಕ್ಸ್‌ನ ತುಂಡು ಡಿಎನ್‌ಎ, ಮಾಹೆರ್ ಕಂಡ ಅಕ್ಷರದೋಷ, ಎರಡೂ ಒಟ್ಟಿಗೆ ಬಗೆಹರಿದವು. ಸುಡುವುದಿಲ್ಲ ಯಾಕೆ ಅನ್ನುವುದಕ್ಕೂ ಒಂದು ಮಟ್ಟಿಗೆ ಉತ್ತರ ಸಿಕ್ಕಿತು: ಕತ್ತರಿ ರಿಪೇರಿ ಸರಿ ಇದೆ, ಕೋಶಗಳು ಗುಂಪಾಗಿ ಸಾಯುತ್ತಿಲ್ಲ.

ಮತ್ತೆ ಅರಾರಸ್‌ಗೆ

ಹಳ್ಳಿಯವರ ಜೀನ್ ಓದಿದ್ದು ಸಾವೊ ಪೌಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೆಂಕ್ ಮತ್ತು ಜೊತೆಗಾರರು. ಕಾಯಿಲೆ ವೇರಿಯಂಟ್ ಬಗೆಯದು ಅಂತ ಖಚಿತವಾಯಿತು. ಒಂದು ತಪ್ಪು ಸಿಗಬಹುದು ಅಂದುಕೊಂಡರೆ ಈಟಾ ಜೀನಿನಲ್ಲಿ ಎರಡು ಬೇರೆ ಬೇರೆ ತಪ್ಪು ಸಿಕ್ಕವು. ಒಂದು, ಜೀನಿನ ತುಂಡುಗಳನ್ನು ಜೋಡಿಸುವ ಗಡಿಯಲ್ಲಿ ಬದಲಾದ ಅಕ್ಷರ. ಇನ್ನೊಂದು ಇನ್ನೂ ನೇರ: 713 ಕೊಂಡಿಗಳ ಸರಪಳಿಯಾಗಬೇಕಿದ್ದ ಪ್ರೋಟೀನು 303ರಲ್ಲೇ ನಿಂತುಬಿಡುತ್ತದೆ. ಈ ಎರಡನೆಯದು ಯುರೋಪಿನ ರೋಗಿಗಳಲ್ಲೂ ಕಂಡಿದೆ. ಸ್ಪೇನ್, ಪೋರ್ಚುಗಲ್ ಕಡೆಯಿಂದ ವಲಸೆ ಬಂದವರ ಜೊತೆ ಬಂದಿರಬೇಕು ಅನ್ನುವುದು ಸಂಶೋಧಕರ ಅಂದಾಜು.

ಆಮೇಲೆ ನಡೆದದ್ದು ಲೋಕಾರೂಢಿ. ದೂರದ ಹಳ್ಳಿ, ಕೆಲವೇ ಮನೆತನ, ಅವರವರಲ್ಲೇ ಮದುವೆ. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿ ಇರುತ್ತವೆ. ಒಂದು ಕೆಟ್ಟಿದ್ದರೂ ಇನ್ನೊಂದು ಸಾಕಷ್ಟು ಈಟಾ ತಯಾರಿಸಿಕೊಡುತ್ತದೆ. ಅಂಥವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಕರ್ನಾಟಕದಲ್ಲಿ ಇದನ್ನು ಓದುವವರು ಒಂದು ಕ್ಷಣ ನಿಲ್ಲಬೇಕು. ಸೋದರಮಾವ, ಅತ್ತೆಯ ಮಗಳು ಅಂತ ಹತ್ತಿರದ ಸಂಬಂಧದಲ್ಲೇ ಆಗುವ ಮದುವೆ ನಮ್ಮಲ್ಲಿ ಈಗಲೂ ನಾಲ್ಕಕ್ಕೊಂದರ ಆಸುಪಾಸಿದೆ. ಭಾರತದಲ್ಲೂ ಎಕ್ಸ್‌ಪಿ ಕುಟುಂಬಗಳು ಇವೆ. ಎಕ್ಸ್‌ಪಿಯೇ ಬರುತ್ತದೆ ಅಂತಲ್ಲ. ಇದೇ ದಾರಿಯಲ್ಲಿ ಬರುವ ಅಪರೂಪದ ಕಾಯಿಲೆಗಳು ನೂರಾರಿವೆ.

ಈಟಾದ ಕಥೆಗೆ ಒಂದು ತಿರುವೂ ಇದೆ. ಕ್ಯಾನ್ಸರಿಗೆ ಕೊಡುವ ಸಿಸ್ಪ್ಲಾಟಿನ್ ಅನ್ನುವ ಔಷಧಿ ಅಕ್ಕಪಕ್ಕದ ಎರಡು ಜಿಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಗಡ್ಡೆಯ ಕೋಶ ನಕಲು ಮಾಡಲಾಗದೆ ಸಾಯಲಿ ಅಂತ. ಈಟಾ ಅಲ್ಲಿಗೂ ಬಂದು ದಾಟಿಸಿಬಿಡುತ್ತದೆ, ಗಡ್ಡೆ ಬದುಕಿಕೊಳ್ಳುತ್ತದೆ. ಚರ್ಮದಲ್ಲಿ ಕ್ಯಾನ್ಸರ್ ತಡೆಯುವ ಕೆಲಸಗಾರನೇ ಗಡ್ಡೆಯೊಳಗೆ ಔಷಧಿಗೆ ಅಡ್ಡ. ಇದನ್ನು ಆ ಹೊತ್ತಿಗೆ ಮಾತ್ರ ತಡೆಯುವ ಔಷಧಿಗಾಗಿ ಹುಡುಕಾಟ ನಡೆದೇ ಇದೆ.

ಅರಾರಸ್‌ನವರಿಗೆ ಇದರಿಂದ ಆದ ಲಾಭ? ಗುಣವಾಗುವ ಔಷಧಿ ಇಲ್ಲ. ಹೊಸ ಗಂಟನ್ನು ಬೇಗ ಗುರುತಿಸಿ ತೆಗೆಯಬೇಕು, ಬಿಸಿಲಿನಿಂದ ದೂರ ಇರಬೇಕು, ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್. ಹೊಲದಲ್ಲಿ ದುಡಿದು ತಿನ್ನುವವನಿಗೆ ನೆರಳಲ್ಲಿರಪ್ಪಾ ಅಂತ ಹೇಳುವುದು ಸುಲಭ. ನೆರಳಲ್ಲಿ ಕೂತರೆ ಬೆಳೆ ಬರುವುದಿಲ್ಲ.

ಆದರೂ ಒಂದು ವ್ಯತ್ಯಾಸ ಆಗಿದೆ. ತಪ್ಪು ಯಾವ ಅಕ್ಷರದಲ್ಲಿದೆ ಅಂತ ಗೊತ್ತಿರುವುದರಿಂದ ಜೀನ್ ಪರೀಕ್ಷೆ ಮಾಡಿ ಮೊದಲೇ ನೋಡಬಹುದು. ಬಿಸಿಲಿಗೆ ಸುಡದ, ಆರೋಗ್ಯವಾಗೇ ಕಾಣುವ ಮಗುವಿಗೆ, ಮುಖದ ಮೇಲೆ ಮೊದಲ ಚುಕ್ಕೆ ಮೂಡುವ ಮುಂಚೆಯೇ ಟೋಪಿ ಹಾಕಬಹುದು.